ಮೂರು ತಿಂಗಳಿಗೊಂದು ಚುಚ್ಚುಮದ್ದು: 'ಅಂತರ'ದ ಗುಣ-ದೋಷಗಳು

ನಿತ್ಯವೂ ಮಾತ್ರೆ ನುಂಗುವುದು ಬೇಡ, ವಂಕಿ ಧರಿಸುವುದೂ ಬೇಡ, ಆದರೆ ಮುಂದಿನ ಮಗುವಿಗೆ ಕೆಲಕಾಲ ಅಂತರವಿರಬೇಕು ಎನ್ನುವ ಮಹಿಳೆಯರಿಗೆ ಇರುವ ಮತ್ತೊಂದು ಮಾರ್ಗ ಗರ್ಭನಿರೋಧಕ ಚುಚ್ಚುಮದ್ದು. ಕೇಂದ್ರ ಸರ್ಕಾರವು 2017ರಲ್ಲಿ 'ಅಂತರ' ಎಂಬ ಹೆಸರಿನಿಂದ ಇದನ್ನು ರಾಷ್ಟ್ರೀಯ ಕುಟುಂಬ ಯೋಜನಾ ಕಾರ್ಯಕ್ರಮಕ್ಕೆ ಸೇರಿಸಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ನೀಡತೊಡಗಿತು. ಅದಕ್ಕೂ ಮುನ್ನ ಇಂತಹ ಚುಚ್ಚುಮದ್ದುಗಳ ಕುರಿತ ವಿವಾದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು. ಚುಚ್ಚಿಸಿಕೊಳ್ಳುವ ಮಹಿಳೆಗೆ ಎಲ್ಲವನ್ನೂ ತಿಳಿಸಲಾಗುತ್ತಿದೆಯೇ ಎಂಬುದೇ ಆ ವಿವಾದದ ತಿರುಳಾಗಿತ್ತು.

ಏನಿದು ಚುಚ್ಚುಮದ್ದು?

ಇದರ ಪೂರ್ಣ ಹೆಸರು ಡೆಪೋ ಮೆಡ್ರಾಕ್ಸಿಪ್ರೊಜೆಸ್ಟರಾನ್ ಅಸಿಟೇಟ್, ಚಿಕ್ಕದಾಗಿ ಡಿಎಂಪಿಎ. ಸ್ತ್ರೀದೇಹದಲ್ಲಿ ಸಹಜವಾಗಿರುವ ಪ್ರೊಜೆಸ್ಟರಾನ್ ಹಾರ್ಮೋನನ್ನು ಹೋಲುವ ಔಷಧಿಯಿದು. 150 ಮಿಲಿಗ್ರಾಂ ಪ್ರಮಾಣವನ್ನು ತೋಳು ಅಥವಾ ಪೃಷ್ಠದ ಸ್ನಾಯುವಿಗೆ ಮೂರು ತಿಂಗಳಿಗೊಮ್ಮೆ ಚುಚ್ಚಲಾಗುತ್ತದೆ. ಅಲ್ಲಿಂದ ಅದು ನಿಧಾನವಾಗಿ ರಕ್ತಕ್ಕೆ ಸೇರಿ ಅಂಡಾಣುವಿನ ಬಿಡುಗಡೆಯನ್ನು ತಡೆಯುತ್ತದೆ; ಗರ್ಭಕಂಠದ ಲೋಳೆಯನ್ನು ಗಟ್ಟಿಗೊಳಿಸಿ ವೀರ್ಯಾಣುವಿನ ಪ್ರವೇಶಕ್ಕೂ ಅಡ್ಡಿಯಾಗುತ್ತದೆ. ಚುಚ್ಚಿದ ಜಾಗವನ್ನು ಉಜ್ಜಬಾರದು, ಶಾಖ ಕೊಡಬಾರದು.

ಕಾಲಕಾಲಕ್ಕೆ ತಪ್ಪದೆ ಪಡೆದರೆ ವರ್ಷದಲ್ಲಿ ನೂರು ಮಹಿಳೆಯರ ಪೈಕಿ ಒಬ್ಬರೂ ಗರ್ಭ ಧರಿಸುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ದಿನ ಮರೆತು ತಡ ಮಾಡುವವರನ್ನೂ ಸೇರಿಸಿ ಲೆಕ್ಕ ಹಾಕಿದರೆ ಈ ಸಂಖ್ಯೆ ಸುಮಾರು ನಾಲ್ಕಕ್ಕೆ ಏರುತ್ತದೆ. ನಿಗದಿತ ದಿನಕ್ಕಿಂತ ಎರಡು ವಾರ ಮೊದಲು ಅಥವಾ ನಾಲ್ಕು ವಾರ ತಡವಾಗಿಯೂ ಮುಂದಿನ ಚುಚ್ಚುಮದ್ದು ಪಡೆಯಬಹುದು.

ಪಟಾನ್‌ಚೆರುವಿನಿಂದ ದೆಹಲಿಗೆ

1985ರಲ್ಲಿ ಹೈದರಾಬಾದ್ ಸಮೀಪದ ಪಟಾನ್‌ಚೆರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೆಟ್-ಎನ್ ಎಂಬ ಇನ್ನೊಂದು ಗರ್ಭನಿರೋಧಕ ಚುಚ್ಚುಮದ್ದಿನ ಪ್ರಯೋಗ ನಡೆಯಿತು. ಇದು ಪ್ರಯೋಗವೆಂಬ ಸಂಗತಿಯೇ ಅಲ್ಲಿಗೆ ಬಂದ ಮಹಿಳೆಯರಿಗೆ ತಿಳಿದಿಲ್ಲವೆಂಬುದು ಸ್ತ್ರೀ ಶಕ್ತಿ ಸಂಘಟನೆಯ ಕಾರ್ಯಕರ್ತೆಯರ ಗಮನಕ್ಕೆ ಬಂದಿತು. ಈ ಸಂಘಟನೆಯು ದೆಹಲಿಯ ಸಹೇಲಿ ಮೊದಲಾದ ಸಂಘಟನೆಗಳೊಡಗೂಡಿ 1986ರಲ್ಲಿ ಸುಪ್ರೀಂ ಕೋರ್ಟ್ ಮೊರೆಹೋಯಿತು. ಸಮಾಲೋಚನೆ ಮತ್ತು ಮುಂದಿನ ತಪಾಸಣೆಗೆ ಸೌಲಭ್ಯವಿಲ್ಲದ ಕಡೆ ಇದನ್ನು ಸಾಮೂಹಿಕವಾಗಿ ಬಳಸುವುದು ಯುಕ್ತವಲ್ಲವೆಂದು ಸರ್ಕಾರವೇ ಒಪ್ಪಿಕೊಂಡ ಬಳಿಕ 2000ದಲ್ಲಿ ಪ್ರಕರಣ ಇತ್ಯರ್ಥವಾಯಿತು.

ಡಿಎಂಪಿಎ ಹಾದಿಯೂ ಸುಗಮವಾಗಿರಲಿಲ್ಲ. 1993ರಲ್ಲಿ ಖಾಸಗಿ ಮಾರುಕಟ್ಟೆಗೆ ಅನುಮತಿ ದೊರೆತರೆ, ಮರುವರ್ಷವೇ ಮಹಿಳಾ ಸಂಘಟನೆಗಳು ಅದನ್ನು ಪ್ರಶ್ನಿಸಿದವು. 1995ರಲ್ಲಿ ಔಷಧ ತಾಂತ್ರಿಕ ಸಲಹಾ ಮಂಡಳಿಯು ಇದನ್ನು ಸರ್ಕಾರಿ ಕಾರ್ಯಕ್ರಮಕ್ಕೆ ಸೇರಿಸುವುದು ಬೇಡವೆಂದಿತು. 2015ರಲ್ಲಿ ಅದೇ ಮಂಡಳಿ ಹಸಿರು ನಿಶಾನೆ ತೋರಿತು.

ಆಯ್ಕೆಗಳ ಕೊರತೆ

ಅನುಮತಿಯ ಹಿಂದಿನ ಕಾರಣವೂ ಗಮನಾರ್ಹ. ಭಾರತದಲ್ಲಿ ಕುಟುಂಬ ಯೋಜನೆ ಎಂದರೆ ಬಹುಮಟ್ಟಿಗೆ ಹೆಣ್ಣಿನ 'ಆಪರೇಷನ್' ಎಂದೇ ಅರ್ಥ. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯ ಸಂತಾನಹರಣ ಶಿಬಿರದ ಬಳಿಕ ಹತ್ತಕ್ಕೂ ಹೆಚ್ಚು ಮಹಿಳೆಯರು ಸಾವನ್ನಪ್ಪಿದ್ದರು. 2016ರಲ್ಲಿ ಸುಪ್ರೀಂ ಕೋರ್ಟ್ ಇಂತಹ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸುವಂತೆ ಸೂಚಿಸಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಮಹಿಳೆಯರಲ್ಲಿ ಸುಮಾರು ಶೇ. 38ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ಕರ್ನಾಟಕದಲ್ಲಿ ಈ ಪ್ರಮಾಣ ಸುಮಾರು ಶೇ. 57. ಚುಚ್ಚುಮದ್ದು ಬಳಸುತ್ತಿದ್ದವರು ದೇಶದಲ್ಲಿ ಶೇ. 1ಕ್ಕಿಂತಲೂ ಕಡಿಮೆ.

ಅಡ್ಡ ಪರಿಣಾಮಗಳೇನು?

ಮುಟ್ಟಿನ ಏರುಪೇರು ಎಲ್ಲಕ್ಕಿಂತ ಸಾಮಾನ್ಯವಾದದ್ದು. ಮೊದಲ ತಿಂಗಳುಗಳಲ್ಲಿ ಅನಿಯಮಿತ ರಕ್ತಸ್ರಾವ ಕಾಣಿಸಿಕೊಳ್ಳಬಹುದು. ವರ್ಷ ತುಂಬುವ ವೇಳೆಗೆ ಅನೇಕರಲ್ಲಿ ಮುಟ್ಟು ನಿಂತೇ ಹೋಗುತ್ತದೆ. ಇದು ಅಪಾಯವಲ್ಲ. ಆದರೆ ಮೊದಲೇ ತಿಳಿಸದಿದ್ದಲ್ಲಿ ಬಸುರಾಗಿರಬಹುದೆಂಬ ಗಾಬರಿಗೆ, ಮನೆಯವರ ಸಂಶಯಕ್ಕೆ ಎಡೆಯಾಗುತ್ತದೆ. ತೂಕ ಹೆಚ್ಚಳ, ತಲೆನೋವುಗಳೂ ಉಂಟು.

ಮೂಳೆಯ ಸಾಂದ್ರತೆ ತಗ್ಗುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಕಟ್ಟೆಚ್ಚರ ನೀಡಿತು. ಬಳಕೆ ನಿಲ್ಲಿಸಿದ ಮೇಲೆ ಈ ನಷ್ಟ ಬಹುಪಾಲು ತುಂಬಿಕೊಳ್ಳುತ್ತದೆ. ದೀರ್ಘಕಾಲ ಬಳಸಿದವರಲ್ಲಿ ಮಿದುಳಿನ ಹೊದಿಕೆಯಲ್ಲಿ ಬೆಳೆಯುವ 'ಮೆನಿಂಜಿಯೋಮಾ' ಗೆಡ್ಡೆಯ ಸಂಭವ ಹೆಚ್ಚೆಂದು 2024ರಲ್ಲಿ ಪ್ರಕಟವಾದ ಫ್ರಾನ್ಸ್‌ನ ಅಧ್ಯಯನ ತಿಳಿಸಿದೆ. ಈ ಗೆಡ್ಡೆ ಅಪರೂಪವಾದುದು.

ಎಚ್‌ಐವಿ ಸೇರಿದಂತೆ ಲೈಂಗಿಕ ಸೋಂಕುಗಳಿಂದ ಚುಚ್ಚುಮದ್ದು ರಕ್ಷಣೆ ನೀಡದು. ಅದಕ್ಕೆ ಕಾಂಡೋಮ್ ಬೇಕು.

ಯಾರಿಗೆ ಸಲ್ಲದು?

ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಅಥವಾ ಹೃದ್ರೋಗದ ಹಿನ್ನೆಲೆ, ತೀವ್ರ ರಕ್ತದೊತ್ತಡ, ಗಂಭೀರ ಯಕೃತ್ತಿನ ಕಾಯಿಲೆ, ಕಾರಣ ತಿಳಿಯದ ರಕ್ತಸ್ರಾವ ಇದ್ದವರಿಗೆ ಇದು ಸೂಕ್ತವಲ್ಲ. ಹಾಲೂಡಿಸುವ ತಾಯಂದಿರು ಹೆರಿಗೆಯಾದ ಆರು ವಾರಗಳ ನಂತರ ಪಡೆಯಬಹುದು.

ಚುಚ್ಚಿಸಿಕೊಳ್ಳುವ ಮುನ್ನ

ಮಾತ್ರೆಯನ್ನು ಮರುದಿನವೇ ಬಿಡಬಹುದು, ವಂಕಿಯನ್ನು ತೆಗೆಸಬಹುದು. ಒಮ್ಮೆ ದೇಹ ಸೇರಿದ ಈ ಔಷಧಿಯನ್ನು ಮಾತ್ರ ಹಿಂದಕ್ಕೆ ಪಡೆಯಲಾಗದು. ತೊಂದರೆಯಾದರೆ ಅದರ ಪ್ರಭಾವ ಮುಗಿಯುವವರೆಗೆ ಕಾಯಲೇಬೇಕು. ಬಳಕೆ ನಿಲ್ಲಿಸಿದ ಮೇಲೂ ಗರ್ಭಧಾರಣೆಗೆ ಸಾಮಾನ್ಯವಾಗಿ ಕೊನೆಯ ಚುಚ್ಚುಮದ್ದಿನಿಂದ ಏಳರಿಂದ ಹತ್ತು ತಿಂಗಳು ಹಿಡಿಯುತ್ತದೆ. ಬಂಜೆತನ ಬರುವುದಿಲ್ಲ, ತಡವಾಗುತ್ತದೆ ಅಷ್ಟೆ. ಹೀಗಾಗಿ ಬರುವ ವರ್ಷವೇ ಮಗು ಬೇಕೆನ್ನುವವರು ಬೇರೆ ವಿಧಾನವನ್ನು ಆರಿಸಿಕೊಳ್ಳುವುದು ಲೇಸು.

ಸೂಜಿ ಚುಚ್ಚಲು ಬೇಕಾಗುವುದು ಒಂದು ನಿಮಿಷ. ಇಷ್ಟನ್ನೂ ವಿವರಿಸಿ ಹೇಳಲು ಹತ್ತು ನಿಮಿಷವಾದರೂ ಬೇಕು. ಆ ಹತ್ತು ನಿಮಿಷವನ್ನು ಕೇಳಿ ಪಡೆಯುವುದು ಪ್ರತಿ ಮಹಿಳೆಯ ಹಕ್ಕು.