ಮೊದಲ ಸ್ಥಾನ ಯಾರದು?

ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಗುಂಡ್ಲುಪೇಟೆ ಸೀಮೆಯ ರೈತನಿಗೆ ಮುಂಗಾರು ಎಂದು ಬರುವುದೆಂಬುದಕ್ಕಿಂತ ದೊಡ್ಡ ಪ್ರಶ್ನೆಯಿಲ್ಲ. ಭಾರತವು ಸೂಪರ್ ಕಂಪ್ಯೂಟರುಗಳನ್ನು ಬಯಸಿದ್ದಕ್ಕೆ ಈ ಪ್ರಶ್ನೆಯೂ ಒಂದು ಕಾರಣ. 1980ರ ದಶಕದಲ್ಲಿ ಹವಾಮಾನದ ಲೆಕ್ಕಾಚಾರಕ್ಕೆಂದು ನಾವು ಅಮೆರಿಕದ ಕ್ರೇ ಯಂತ್ರವನ್ನು ಕೇಳಿದೆವು. ಅದು ಅಣ್ವಸ್ತ್ರ ತಯಾರಿಕೆಗೂ ಬಳಕೆಯಾದೀತೆಂಬ ಶಂಕೆಯಿಂದ ಅಮೆರಿಕ ಸರಕಾರವು ಬಹುಕಾಲ ಎಳೆದಾಡಿ, ಕೇಳಿದ್ದಕ್ಕಿಂತ ಕಿರಿದಾದ ಯಂತ್ರವನ್ನು ಷರತ್ತುಗಳೊಡನೆ ದೆಹಲಿಗೆ ಕೊಟ್ಟಿತು.

ಇದಕ್ಕೆ ಮುನ್ನವೇ, 1986ರ ಡಿಸೆಂಬರಿನಲ್ಲಿ, ಬೆಂಗಳೂರಿನ ಎನ್.ಎ.ಎಲ್. ಪ್ರಯೋಗಾಲಯದಲ್ಲಿ 'ಫ್ಲೋಸಾಲ್ವರ್' ಕೆಲಸ ಆರಂಭಿಸಿತ್ತು. ಆಗ ಅಲ್ಲಿನ ನಿರ್ದೇಶಕರು ರೊದ್ದಂ ನರಸಿಂಹ. ಒಂದೇ ಲೆಕ್ಕವನ್ನು ಹಲವು ಪ್ರೊಸೆಸರುಗಳಿಗೆ ಹಂಚಿ ಮಾಡಿಸುವ ಆ ಯಂತ್ರ ಹುಟ್ಟಿದ್ದು ವಿಮಾನದ ಸುತ್ತಲಿನ ಗಾಳಿಯ ಹರಿವನ್ನು ಲೆಕ್ಕಹಾಕಲು. ಮುಂದೆ ಮುಂಗಾರಿನ ಲೆಕ್ಕಕ್ಕೂ ಒದಗಿತು. ಪುಣೆಯ ಸಿ-ಡ್ಯಾಕ್ ಸ್ಥಾಪನೆಯಾದದ್ದು 1988ರಲ್ಲಿ. ವಿಜಯ್ ಭಟ್ಕರ್ ಅವರ ನೇತೃತ್ವದಲ್ಲಿ 'ಪರಮ್' ಹೊರಬಂದದ್ದು 1991ರಲ್ಲಿ. ಆದರೂ ನಮ್ಮ ಮಕ್ಕಳ ರಸಪ್ರಶ್ನೆ ಪುಸ್ತಕಗಳಲ್ಲಿ 'ಭಾರತದ ಮೊದಲ ಸೂಪರ್ ಕಂಪ್ಯೂಟರ್' ಪರಮ್ ಮಾತ್ರ. ಫ್ಲೋಸಾಲ್ವರ್ ದೇಶದ ಮೊದಲ ಸಮಾಂತರ ಕಂಪ್ಯೂಟರ್, ಪರಮ್ ಮೊದಲ ಸೂಪರ್ ಕಂಪ್ಯೂಟರ್ ಎಂದು ಸಮಾಧಾನ ಹೇಳುವವರುಂಟು. ಎಷ್ಟು ವೇಗವಿದ್ದರೆ 'ಸೂಪರ್' ಎಂಬುದಕ್ಕೆ ಗೆರೆ ಎಳೆದವರು ಯಾರು? ಬೆಂಗಳೂರಿನವರಿಗೆ ಸಲ್ಲಬೇಕಾದ ಗೌರವ ಸಂದಿಲ್ಲವೆಂದೇ ನನ್ನ ಎಣಿಕೆ.

ಪರಮ್ ಬಂದಾಗ ಭಾರತವು ಅಮೆರಿಕದ ನಂತರ ಜಗತ್ತಿನಲ್ಲೇ ಎರಡನೆಯದೆಂಬ ಮಾತೂ ಹರಡಿತು. ಆದರೆ ಲಿನ್‌ಪ್ಯಾಕ್ ಎಂಬ ಒಂದೇ ಪರೀಕ್ಷೆಯಿಂದ ಯಂತ್ರಗಳನ್ನು ಅಳೆಯುವ 'ಟಾಪ್ 500' ಪಟ್ಟಿ ಆರಂಭವಾದದ್ದೇ 1993ರ ಜೂನ್‌ನಲ್ಲಿ. ಅಳತೆಗೋಲಿಗೆ ಮುಂಚೆಯೇ ಸ್ಥಾನ ನಿಗದಿಯಾಗಿತ್ತು! ಪಟ್ಟಿಯೊಳಗೆ ನಿಂತಾಗ ಚಿತ್ರ ಬೇರೆಯಾಯಿತು: 2003ರಲ್ಲಿ 'ಪರಮ್ ಪದ್ಮ'ಕ್ಕೆ 171ನೆಯ ಸ್ಥಾನ, 2007ರ ನವೆಂಬರಿನಲ್ಲಿ ಟಾಟಾ ಸಂಸ್ಥೆಯ 'ಏಕ'ಕ್ಕೆ 4ನೆಯದು. ಈ ನಾಲ್ಕನೆಯ ಸ್ಥಾನಕ್ಕಿರುವ ತೂಕ ಆ ಎರಡನೆಯದಕ್ಕಿಲ್ಲ.

2011ರಲ್ಲಿ ಇಸ್ರೋದ 'ಸಾಗಾ-220' ದೇಶದಲ್ಲೇ ಅತಿ ವೇಗದ್ದೆಂದು ಪ್ರಕಟವಾಯಿತು. ಅದರ 220 ಟೆರಾಫ್ಲಾಪ್ಸ್ ಎಂಬುದು ಸೈದ್ಧಾಂತಿಕ ಗರಿಷ್ಠ ವೇಗ. ಪಂಪ್‌ಸೆಟ್ಟಿನ ಮೇಲೆ ಬರೆದ ಅಶ್ವಶಕ್ತಿ ಒಂದು, ತೊಟ್ಟಿಗೆ ಬೀಳುವ ನೀರು ಇನ್ನೊಂದು. ಟಾಪ್ 500 ಕ್ರಮಾಂಕ ನೀಡುವುದು ಬಿದ್ದ ನೀರನ್ನು ಅಳೆದು.

ಹಾಗೆಂದು ಆ ಪಟ್ಟಿಯೂ ಅಂತಿಮ ತೀರ್ಪಲ್ಲ. ವಿವರ ಕಳುಹಿಸಿದವರಿಗಷ್ಟೇ ಅದರಲ್ಲಿ ಜಾಗ. ಈಚಿನ ವರ್ಷಗಳಲ್ಲಿ ಚೀನಾ ತನ್ನ ಅತಿ ದೊಡ್ಡ ಹೊಸ ಯಂತ್ರಗಳನ್ನು ಅಲ್ಲಿ ತೋರಿಸುತ್ತಿಲ್ಲ. ಮೇಲಾಗಿ ಲಿನ್‌ಪ್ಯಾಕ್ ಬಿಡಿಸುವ ಸಮೀಕರಣಗಳೇ ಬೇರೆ, ಮಳೆಮೋಡದ ಲೆಕ್ಕವೇ ಬೇರೆ. ಲಿನ್‌ಪ್ಯಾಕನ್ನು ರೂಪಿಸಿದವರಲ್ಲೊಬ್ಬರಾದ ಜ್ಯಾಕ್ ಡೊಂಗಾರಾ ಅವರೇ ಸಂಗಡಿಗರೊಡನೆ, ಅಂಥ ಕೆಲಸಗಳಿಗೆ ಹೆಚ್ಚು ಹತ್ತಿರವಾದ ಎಚ್.ಪಿ.ಸಿ.ಜಿ. ಎಂಬ ಮತ್ತೊಂದು ಪರೀಕ್ಷೆಯನ್ನು ಮುಂದಿಟ್ಟರು. ಅದರಲ್ಲಿ ಅತಿ ದೊಡ್ಡ ಯಂತ್ರಗಳೂ ತಮ್ಮ ಗರಿಷ್ಠ ವೇಗದ ನೂರರಲ್ಲಿ ಕೆಲವೇ ಪಾಲನ್ನು ಮುಟ್ಟುತ್ತವೆ.