ನಿಯಮಪರಿಶೀಲನೆಯ ಕಾಲ: ಗ್ರಾಮದ ವಹಿಯಿಂದ ಗಣಕದ ದತ್ತಸಂಚಯದವರೆಗೆ

ಹೊನ್ನಾಳಿ ಸೀಮೆಯ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರ ಸಮುದಾಯವು ಭಕ್ತಿಯಿಂದ ಕಾಣುವ ಕ್ಷೇತ್ರ. ಊರು ಇದ್ದಲ್ಲಿಯೇ ಇದ್ದರೂ ಅದರ ಆಡಳಿತದ ವಿಳಾಸವು ಎರಡು ಬಾರಿ ಬದಲಾಯಿತು. ಶಿವಮೊಗ್ಗ ಜಿಲ್ಲೆಯಲ್ಲಿದ್ದ ಹೊನ್ನಾಳಿ ತಾಲ್ಲೂಕು ೧೯೯೭ರಲ್ಲಿ ಹೊಸದಾಗಿ ರಚಿತವಾದ ದಾವಣಗೆರೆ ಜಿಲ್ಲೆಗೆ ಸೇರಿತು; ಅನಂತರ ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾದಾಗ ಈ ಗ್ರಾಮವು ಅದರ ಎಲ್ಲೆಯೊಳಗೆ ಬಂದಿತು. ಜಿಲ್ಲೆ ತಾಲ್ಲೂಕುಗಳ ಇಂತಹ ಪುನರ್ವಿಂಗಡಣೆಯು ಚರಿತ್ರೆಯ ವಿದ್ಯಾರ್ಥಿಗೆ ಆಡಳಿತದ ಸಂಗತಿ. ದಾಖಲೆಯನ್ನು ಕಾಪಾಡುವವನಿಗೆ ಅದೊಂದು ತರ್ಕದ ಸಮಸ್ಯೆ. ಆ ಸಮಸ್ಯೆಯ ಚರಿತ್ರೆಯನ್ನು ಪ್ರಸ್ತುತ ಲೇಖನದಲ್ಲಿ ಸಂಗ್ರಹವಾಗಿ ಪರಿಶೀಲಿಸಲು ನಾವು ಉದ್ದೇಶಿಸಿದ್ದೇವೆ.

ಭೂದಾಖಲೆಯಲ್ಲಿ ಎರಡು ನಿಯಮಗಳಿವೆಯೆಂದು ಇಟ್ಟುಕೊಳ್ಳೋಣ. ಪ್ರತಿಯೊಂದು ಸರ್ವೆ ನಂಬರೂ ದಾಖಲೆಯಲ್ಲಿರುವ ಒಂದು ಗ್ರಾಮಕ್ಕೆ ಸೇರಿರಬೇಕು. ಒಂದು ಗ್ರಾಮವು ಒಂದೇ ತಾಲ್ಲೂಕಿನಲ್ಲಿರಬೇಕು. ಗ್ರಾಮವು ತಾಲ್ಲೂಕನ್ನು ಬದಲಿಸಿದಾಗ ಅದರ ಸಂಕೇತಸಂಖ್ಯೆಯೂ ಬದಲಾಗುವುದಾದರೆ ಯಾವುದನ್ನು ಮೊದಲು ತಿದ್ದಬೇಕು? ಗ್ರಾಮದ ಸಂಖ್ಯೆಯನ್ನು ಮೊದಲು ತಿದ್ದಿದರೆ ಅದರ ಸರ್ವೆ ನಂಬರುಗಳೆಲ್ಲ ಇಲ್ಲದ ಗ್ರಾಮವನ್ನು ಹೆಸರಿಸುತ್ತವೆ. ಸರ್ವೆ ನಂಬರುಗಳನ್ನು ಮೊದಲು ತಿದ್ದಿದರೆ ಅವು ಇನ್ನೂ ಹುಟ್ಟದ ಗ್ರಾಮವನ್ನು ಹೆಸರಿಸುತ್ತವೆ. ಹೊಸ ನಮೂದನ್ನು ಸೇರಿಸಿದ ಮೇಲೆ ಹಳೆಯದನ್ನು ತೆಗೆದರಾಯಿತೆಂದರೆ, ಅಷ್ಟು ಹೊತ್ತು ಒಂದೇ ಗ್ರಾಮವು ಎರಡು ತಾಲ್ಲೂಕುಗಳಲ್ಲಿ ನಿಂತಿರುತ್ತದೆ. ಆರಂಭದ ಸ್ಥಿತಿಯೂ ಅಂತ್ಯದ ಸ್ಥಿತಿಯೂ ನಿಯಮಬದ್ಧವಾಗಿವೆ. ದೋಷವಿರುವುದು ನಡುವಿನ ದಾರಿಯಲ್ಲಿ ಮಾತ್ರ. ಆದಕಾರಣ ನಿಯಮವೇನೆಂದು ಕೇಳಿದರೆ ಸಾಲದು. ಅದನ್ನು ಯಾವಾಗ ಪರಿಶೀಲಿಸಬೇಕೆಂದೂ ಕೇಳಬೇಕಾಗುತ್ತದೆ.

೨

ಗಣಕಶಾಸ್ತ್ರದಲ್ಲಿ ಈ ಪ್ರಶ್ನೆಗೆ ಅರ್ಧ ಶತಮಾನದ ಚರಿತ್ರೆಯಿದೆ. ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಕಾಡ್ ೧೯೭೦ರಲ್ಲಿ ಪ್ರಕಟಿಸಿದ ಪ್ರಬಂಧದಿಂದ, ಮಾಹಿತಿಯನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಾಗಿ ಕಾಣುವ ಪದ್ಧತಿ ಆರಂಭವಾಯಿತು. ಅದೇ ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿ ನಡೆದ ‘ಸಿಸ್ಟಂ ಆರ್’ ಯೋಜನೆಯವರು ೧೯೭೬ರಲ್ಲಿ ಪ್ರಕಟಿಸಿದ ವಿವರಣೆಯಲ್ಲಿ ನಮ್ಮ ಪ್ರಶ್ನೆಗೆ ನೇರವಾದ ಉತ್ತರವೊಂದು ದೊರೆಯುತ್ತದೆ. ಹಲವು ತಿದ್ದುಪಡಿಗಳನ್ನು ಒಂದೇ ಘಟಕವಾಗಿ ಮಾಡುವುದಕ್ಕೆ ಅವರು ‘ಟ್ರಾನ್ಸಾಕ್ಷನ್’, ಎಂದರೆ ವ್ಯವಹಾರ, ಎಂದು ಹೆಸರಿಟ್ಟಿದ್ದರು. ನಿಯಮಗಳನ್ನು ಸಾಮಾನ್ಯವಾಗಿ ವ್ಯವಹಾರದ ಕೊನೆಯಲ್ಲಿ ಪರಿಶೀಲಿಸತಕ್ಕದ್ದು. ತತ್‌ಕ್ಷಣವೇ ಪರಿಶೀಲಿಸಬೇಕಾದ ನಿಯಮವನ್ನು ಹಾಗೆಂದು ಗುರುತಿಸತಕ್ಕದ್ದು. ನಡುವೆ ಪರೀಕ್ಷೆ ಬೇಕೆನಿಸಿದರೆ ಅದಕ್ಕೊಂದು ಆಜ್ಞೆಯಿರತಕ್ಕದ್ದು, ಇದು ಅವರ ಯೋಜನೆ. ಎಂದರೆ ಮುಂದೂಡಿಕೆಯೇ ವಾಡಿಕೆ, ತತ್‌ಕ್ಷಣವೇ ಅಪವಾದ.

ಆಚರಣೆಯಲ್ಲಿ ಇದು ತಿರುಗುಮುರುಗಾಯಿತು. ಎಸ್.ಕ್ಯು.ಎಲ್. ಭಾಷೆಯ ೧೯೮೯ರ ಪ್ರಮಾಣಕವು ಕೋಷ್ಟಕಗಳ ನಡುವಣ ಸಂಬಂಧದ ನಿಯಮಗಳನ್ನು ಅಂಗೀಕರಿಸಿತಾದರೂ, ಪ್ರತಿಯೊಂದು ಆಜ್ಞೆಯ ಕೊನೆಗೂ ಅವು ಸರಿಯಿರಬೇಕೆಂದು ವಿಧಿಸಿತು. ಮುಂದೂಡುವ ಅವಕಾಶವು ೧೯೯೨ರ ಪ್ರಮಾಣಕದಲ್ಲಿ ಮರಳಿ ಬಂದಿತು. ಅದರಂತೆ ನಿಯಮವನ್ನು ರಚಿಸುವಾಗಲೇ ಅದು ಮುಂದೂಡಬಹುದಾದುದೋ ಅಲ್ಲವೋ ಎಂಬುದನ್ನು ಸಾರಬೇಕು. ಮುಂದೂಡಬಹುದಾದುದಾದರೆ ವ್ಯವಹಾರವನ್ನು ನಡೆಸುವವನು ‘ಸೆಟ್ ಕನ್‌ಸ್ಟ್ರೇಂಟ್ಸ್’ ಎಂಬ ಆಜ್ಞೆಯಿಂದ ಪರಿಶೀಲನೆಯನ್ನು ಕೊನೆಗೆ ಸರಿಸಬಹುದು, ಇಲ್ಲವೇ ಒಡನೆಯೇ ಮಾಡಿಸಬಹುದು. ಹೀಗೆ ಅಧಿಕಾರವು ಇಬ್ಬರಲ್ಲಿ ಹಂಚಿಹೋಯಿತು: ಅನುಮತಿ ನಿಯಮ ರಚಿಸಿದವನದು, ಬಳಕೆ ವ್ಯವಹಾರ ಮಾಡುವವನದು. ಆರಕಲ್ ತನ್ನ ಎಂಟನೆಯ ಆವೃತ್ತಿಯಲ್ಲಿ (೧೯೯೭), ಪೋಸ್ಟ್‌ಗ್ರೆಸ್‌ಕ್ಯುಎಲ್ ತನ್ನ ೭.೦ ಆವೃತ್ತಿಯಲ್ಲಿ (೨೦೦೦) ಈ ಸೌಲಭ್ಯವನ್ನು ತಂದವು. ಎರಡನೆಯದರಲ್ಲಿ ಆಗ ಅದು ಕೋಷ್ಟಕಗಳ ಸಂಬಂಧಕ್ಕೆ ಮಾತ್ರ ಸೀಮಿತವಾಗಿತ್ತು. ‘ಒಂದು ಸಂಖ್ಯೆ ಒಬ್ಬರಿಗೇ’ ಎಂಬ ಅನನ್ಯತೆಯ ನಿಯಮಕ್ಕೆ ವಿಸ್ತರಿಸಿದುದು ೨೦೧೦ರಲ್ಲಿ. ಮೈ ಎಸ್.ಕ್ಯು.ಎಲ್.ನ ಇನ್ನೋಡಿಬಿಯಾದರೋ ಇಂತಹ ನಿಯಮಗಳನ್ನು ಸಾಲುಸಾಲಾಗಿ ಒಡನೆಯೇ ಪರಿಶೀಲಿಸುವ ಕ್ರಮವನ್ನೇ ಉಳಿಸಿಕೊಂಡಿತು. ಆದುದರಿಂದ ಪರಿಶೀಲನೆಗೆ ಮೂರು ಕಾಲಗಳುಂಟೆಂದು ನಾವು ಗ್ರಹಿಸಬೇಕು: ಪ್ರತಿಯೊಂದು ಸಾಲನ್ನು ತಿದ್ದಿದಾಗ, ಒಂದು ಆಜ್ಞೆ ಮುಗಿದಾಗ, ಇಡೀ ವ್ಯವಹಾರ ಮುಗಿದಾಗ. ಒಂದೇ ಸರ್ವೆ ನಂಬರಿನ ಎರಡು ಹಿಸ್ಸೆಗಳ ಸಂಖ್ಯೆಯನ್ನು ಅದಲುಬದಲು ಮಾಡುವ ಸುಲಭ ಕಾರ್ಯವೂ ಮೊದಲನೆಯ ಕ್ರಮದಲ್ಲಿ ತಡೆಯಲ್ಪಡುತ್ತದೆ. ಮೂರನೆಯದರಲ್ಲಿ ನಿರಾತಂಕವಾಗಿ ನೆರವೇರುತ್ತದೆ.

೩

ಈ ವಿವೇಕವು ಗಣಕದೊಡನೆ ಹುಟ್ಟಿದುದಲ್ಲ. ಗಣಕವಿಜ್ಞಾನಿ ಜಿಮ್ ಗ್ರೇ ೧೯೮೧ರ ತನ್ನ ಪ್ರಬಂಧದಲ್ಲಿ ವ್ಯವಹಾರದ ಕಲ್ಪನೆಯ ಮೂಲವನ್ನು ಕರಾರಿನ ಕಾನೂನಿನಲ್ಲಿ ಗುರುತಿಸಿದನು. ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ತಾಲ್ಲೂಕು ಕಚೇರಿಯ ವಹಿಗಳನ್ನು ನೋಡಿದರೆ ಸಾಕು.

೧೯೬೪ರ ಭೂಕಂದಾಯ ಕಾಯಿದೆಯ ೧೨೮ ಮತ್ತು ೧೨೯ನೆಯ ಪ್ರಕರಣಗಳು ಹಕ್ಕಿನ ಬದಲಾವಣೆಗೆ ಒಂದು ಕ್ರಮವನ್ನು ವಿಧಿಸಿದವು. ಕ್ರಯದಿಂದಾಗಲಿ ಉತ್ತರಾಧಿಕಾರದಿಂದಾಗಲಿ ಹಕ್ಕು ಬಂದರೆ ಆ ಸಂಗತಿ ನೇರವಾಗಿ ಪಹಣಿಗೆ ಏರುವುದಿಲ್ಲ. ಅದು ಮೊದಲು ಹಕ್ಕು ಬದಲಾವಣೆಯ ರಿಜಿಸ್ಟರಿನಲ್ಲಿ ನಮೂದಾಗುತ್ತದೆ. ಅದರ ಪ್ರತಿಯನ್ನು ಚಾವಡಿಯಲ್ಲಿ ಅಂಟಿಸಿ, ಸಂಬಂಧಪಟ್ಟವರಿಗೆ ನೋಟೀಸು ಕೊಡಲಾಗುತ್ತದೆ. ತಕರಾರು ಬಂದರೆ ಅದು ವಿವಾದಿತ ಪ್ರಕರಣಗಳ ರಿಜಿಸ್ಟರಿಗೆ ಹೋಗಿ, ವಿಚಾರಣೆಯಾಗಿ, ಆಜ್ಞೆಯಾಗುತ್ತದೆ. ಅಧಿಕಾರಿಯು ದೃಢೀಕರಿಸಿದ ಮೇಲೆಯೇ ನಮೂದು ಹಕ್ಕುದಾಖಲೆಗೆ ಸೇರುತ್ತದೆ. ಬರೆಯುವುದು ಈಗ, ಪರೀಕ್ಷಿಸುವುದು ಕೊನೆಯಲ್ಲಿ, ಪರೀಕ್ಷೆಯಲ್ಲಿ ಸೋತರೆ ಹಳೆಯ ಸ್ಥಿತಿಯೇ ಸ್ಥಿರ. ಮುಂದೂಡಿದ ಪರಿಶೀಲನೆಯ ಲಕ್ಷಣಗಳೆಲ್ಲ ಇಲ್ಲಿವೆ.

ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ೧೯೬೧ರ ಕಾಯಿದೆಯು ರದ್ದುಗೊಳಿಸಿದ ತರುವಾಯ ಶಾನುಭೋಗರ ಸ್ಥಾನಕ್ಕೆ ಗ್ರಾಮಲೆಕ್ಕಿಗರು ಬಂದರು. ಶತಮಾನದ ತಿರುವಿನಲ್ಲಿ ಕೈಗೊಂಡ ‘ಭೂಮಿ’ ಯೋಜನೆಯು ೧೭೭ ತಾಲ್ಲೂಕುಗಳ, ಸುಮಾರು ೬೭ ಲಕ್ಷ ಭೂಮಾಲೀಕರಿಗೆ ಸೇರಿದ, ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಸುಮಾರು ೯,೦೦೦ ಗ್ರಾಮಲೆಕ್ಕಿಗರ ಕೈಯಲ್ಲಿ ಚದುರಿದ್ದ ವಹಿಗಳು ತಾಲ್ಲೂಕು ಕೇಂದ್ರಗಳಲ್ಲಿ ಒಂದುಗೂಡಿದವು. ಸಾಧನ ಬದಲಾದರೂ ಕ್ರಮದ ಅಸ್ಥಿಪಂಜರವು ಬದಲಾಗಲಿಲ್ಲ: ನಮೂದು, ನೋಟೀಸು, ಕಾಯುವಿಕೆ, ದೃಢೀಕರಣ. ಬಹುಕಾಲ ೩೦ ದಿನಗಳಾಗಿದ್ದ ಕಾಯುವ ಅವಧಿಯನ್ನು ಆಮೇಲೆ ಕಡಿಮೆ ಮಾಡಲಾಯಿತು.

ಇದಕ್ಕೆ ವಿರುದ್ಧ ದಿಕ್ಕಿನ ಒಂದು ಬದಲಾವಣೆಯೂ ಗಮನಾರ್ಹವಾಗಿದೆ. ಸರ್ವೆ ನಂಬರಿನ ಒಂದು ಭಾಗವನ್ನು ಮಾರಿದಾಗ ಮೊದಲು ಪತ್ರ ನೋಂದಣಿಯಾಗುತ್ತಿತ್ತು. ಅಳತೆ ಮತ್ತು ಪೋಡಿ ಎಷ್ಟೋ ಕಾಲದ ಮೇಲೆ ಆಗುತ್ತಿದ್ದವು. ಮಾರಿದ ತುಂಡುಗಳ ಮೊತ್ತವು ಇಡೀ ಹೊಲವನ್ನು ಮೀರಿದ್ದರೂ ಅದು ತಿಳಿಯುವ ಹೊತ್ತಿಗೆ ಹಣ ಕೈಬದಲಾಗಿ ಹೋಗಿರುತ್ತಿತ್ತು. ನೋಂದಣಿಗೆ ಮುಂಚೆಯೇ ‘೧೧ಇ’ ನಕ್ಷೆ ಇರಬೇಕೆಂಬ ನಿಯಮವು ಈ ಪರಿಶೀಲನೆಯನ್ನು ಕೊನೆಯಿಂದ ಮೊದಲಿಗೆ ತಂದಿತು. ಇದರಿಂದ ವ್ಯಕ್ತವಾಗುವುದೇನೆಂದರೆ, ತಕರಾರಿನಂತೆ ಇತರರ ಮಾತನ್ನು ಕೇಳಬೇಕಾದ ನಿಯಮಕ್ಕೆ ಕಾಲಾವಕಾಶ ಬೇಕು. ಅಳತೆಯಂತೆ ತನ್ನೊಳಗೇ ತೀರ್ಮಾನವಾಗುವ ನಿಯಮಕ್ಕೆ ಅದು ಬೇಡ. ಪೋಸ್ಟ್‌ಗ್ರೆಸ್‌ಕ್ಯುಎಲ್ ಕೂಡ ಒಂದು ಸಾಲಿನೊಳಗೇ ತೀರ್ಮಾನಿಸಬಹುದಾದ ನಿಯಮಗಳನ್ನು ಮುಂದೂಡಲು ಬಿಡುವುದಿಲ್ಲ. ಸಾಲುಗಳ ಮತ್ತು ಕೋಷ್ಟಕಗಳ ನಡುವಣ ನಿಯಮಗಳಿಗೆ ಮಾತ್ರ ಆ ಅವಕಾಶವನ್ನು ಕೊಡುತ್ತದೆ.

೪

ಮುಂದೂಡಿಕೆಯನ್ನೇ ಒಪ್ಪದ ವಿದ್ವಾಂಸರೂ ಇದ್ದಾರೆ. ಕ್ರಿಸ್ ಡೇಟ್ ಮತ್ತು ಹ್ಯೂ ಡಾರ್ವೆನ್ ಅವರ ವಾದದಂತೆ ದತ್ತಸಂಚಯವು ಒಂದು ಕ್ಷಣವೂ ಸುಳ್ಳಾಡಬಾರದು. ಹಲವು ತಿದ್ದುಪಡಿಗಳು ಒಟ್ಟಿಗೆ ಆಗಬೇಕಾದರೆ ಅವೆಲ್ಲವನ್ನೂ ಒಂದೇ ಆಜ್ಞೆಯಲ್ಲಿ ಹೇಳುವ ಸೌಕರ್ಯವನ್ನು ಭಾಷೆಯು ಕೊಡಬೇಕು. ವಾದದಲ್ಲಿ ಬಲವಿದೆ. ಕೊನೆಯಲ್ಲಿ ಪರಿಶೀಲಿಸಿದಾಗ ತಪ್ಪು ತಿಳಿಯುತ್ತದೆಯೇ ಹೊರತು ತಪ್ಪಿದ ಹೆಜ್ಜೆ ಯಾವುದೆಂಬುದು ಸುಲಭವಾಗಿ ತಿಳಿಯುವುದಿಲ್ಲ. ಆವರೆಗಿನ ಶ್ರಮವೆಲ್ಲ ರದ್ದಾಗುತ್ತದೆ. ಆದರೆ ಗಣಕದ ವ್ಯವಹಾರಕ್ಕೆ ಎರಡು ರಕ್ಷೆಗಳಿವೆ. ನಡುವಿನ ಅಪೂರ್ಣ ಸ್ಥಿತಿಯನ್ನು ಹೊರಗಿನವರಿಂದ ಮರೆಮಾಡಬಹುದು. ಮತ್ತು ವ್ಯವಹಾರವು ಸ್ವೀಕಾರದಿಂದಲೋ ರದ್ದಿನಿಂದಲೋ ಮುಗಿಯಲೇಬೇಕು.

ಗ್ರಾಮದ ವ್ಯವಹಾರಕ್ಕೆ ಈ ರಕ್ಷೆಗಳು ದುರ್ಬಲ. ದೃಢೀಕರಣವಾಗುವವರೆಗೆ ಪಹಣಿಯಲ್ಲಿ ಹಳೆಯ ಹೆಸರೇ ನಿಂತಿರುತ್ತದೆ. ಕೊಂಡವನು ಹಣ ತೆತ್ತಿದ್ದರೂ ದಾಖಲೆಯ ಮಟ್ಟಿಗೆ ಇನ್ನೂ ಮಾಲೀಕನಲ್ಲ. ಇದಕ್ಕಿಂತ ಕಠಿನವಾದ ನಿದರ್ಶನವು ಸೂರಗೊಂಡನಕೊಪ್ಪಕ್ಕೆ ನಡೆದುಬರುವ ಭಕ್ತರ ತಾಂಡಾಗಳಲ್ಲಿಯೇ ಇದೆ. ಎಷ್ಟೋ ತಾಂಡಾಗಳು ತಲೆಮಾರುಗಳಿಂದ ‘ದಾಖಲೆರಹಿತ ಜನವಸತಿ’ಗಳಾಗಿ ಉಳಿದಿದ್ದವು. ಮನೆಯ ಹಕ್ಕನ್ನು ಬರೆಯಲು ಕಂದಾಯ ಗ್ರಾಮವೊಂದು ಬೇಕು. ಗ್ರಾಮವೆಂದು ಸಾರಲು ಅಲ್ಲಿ ಮಾನ್ಯವಾದ ನೆಲೆ ಬೇಕು. ಒಂದನ್ನೊಂದು ಹೆಸರಿಸುವ ಎರಡು ಕೋಷ್ಟಕಗಳಲ್ಲಿ ಮೊದಲ ಸಾಲನ್ನು ಎಲ್ಲಿ ಬರೆಯುವುದೆಂಬ ಪ್ರಶ್ನೆಯೇ ಇದು. ಪ್ರತಿಯೊಂದು ಹೆಜ್ಜೆಯಲ್ಲಿಯೂ ನಿಯಮವನ್ನು ಒಡನೆಯೇ ಪರಿಶೀಲಿಸುವ ಕಚೇರಿಯಲ್ಲಿ ಯಾವ ಹೆಜ್ಜೆಯೂ ಮೊದಲನೆಯದಾಗಲಾರದು. ಗ್ರಾಮವನ್ನು ಸಾರುವುದು, ನೆಲವನ್ನು ಸರ್ಕಾರಕ್ಕೆ ವಹಿಸಿಕೊಳ್ಳುವುದು, ನಿವಾಸಿಗೆ ಹಕ್ಕುಪತ್ರ ಕೊಡುವುದು, ಇವನ್ನು ಒಂದೇ ಕಾರ್ಯದ ಅಂಗಗಳಾಗಿ ಜೋಡಿಸಿದಾಗಲೇ ಗಂಟು ಬಿಚ್ಚಿತು. ೨೦೨೩ರ ಜನವರಿ ೧೯ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐದು ಜಿಲ್ಲೆಗಳ ಸುಮಾರು ೫೦,೦೦೦ ಕುಟುಂಬಗಳಿಗೆ ಇಂತಹ ಹಕ್ಕುಪತ್ರಗಳನ್ನು ವಿತರಿಸಲಾಯಿತು.

ಈ ಚರಿತ್ರೆಯಿಂದ ನಾವು ತಲಪುವ ನಿರ್ಣಯವು ಇಷ್ಟು. ಪರಿಶೀಲನೆಯನ್ನು ಮುಂದೂಡುವುದು ನಿಯಮವನ್ನು ಸಡಿಲಿಸಿದಂತಲ್ಲ. ಅನೇಕ ವೇಳೆ ನಿಯಮವನ್ನು ಉಳಿಸಿಕೊಂಡು ಬದಲಾವಣೆಯನ್ನು ಸಾಧಿಸಲು ಅದೊಂದೇ ದಾರಿ. ಆದರೆ ಮುಂದೂಡಿಕೆಗೆ ನ್ಯಾಯ ಬರುವುದು ಅದಕ್ಕೊಂದು ಕೊನೆ ಇದ್ದಾಗ ಮಾತ್ರ. ಗಣಕದಲ್ಲಿ ಆ ಕೊನೆಯನ್ನು ಯಂತ್ರವೇ ಒದಗಿಸುತ್ತದೆ. ಕಚೇರಿಯಲ್ಲಿ ಅದನ್ನು ಮನುಷ್ಯನು ಒದಗಿಸಬೇಕು. ಒದಗಿಸದೆ ಹೋದರೆ ನಡುವಿನ ಸ್ಥಿತಿಯೇ ಒಂದು ಕುಟುಂಬದ ಇಡೀ ಬಾಳಾಗಿಬಿಡುತ್ತದೆ.