ಧಾರಾವಾಹಿಯ ಕೊನೆ ಕಂತು ಗೆದ್ದಿತಾ, ಸೋತಿತಾ? ಅಳೆದು ನೋಡಲು ಇಲ್ಲಿವೆ 5 ಪ್ರಶ್ನೆಗಳು

ವರ್ಷಗಟ್ಟಲೆ ರಾತ್ರಿ ಊಟದ ಜತೆ ನೋಡಿದ ಧಾರಾವಾಹಿ ಒಂದು ದಿನ 'ಶುಭಂ' ಎಂದು ಮುಗಿದುಹೋಗುತ್ತದೆ. ಮರುವಾರ ಅದೇ ಹೊತ್ತಿಗೆ ಬೇರೆ ಮನೆ, ಬೇರೆ ಅತ್ತೆ, ಬೇರೆ ಸೊಸೆ. 'ಇಷ್ಟು ದಿನ ನೋಡಿದ್ದು ಇದಕ್ಕಾ?' ಎಂಬ ಪ್ರಶ್ನೆ ಮಾತ್ರ ಮನೆಯಲ್ಲಿ ಉಳಿಯುತ್ತದೆ.

ಈ ಸಿಟ್ಟಿಗೆ ಲೆಕ್ಕವೂ ಇದೆ. 2013ರ ಡಿಸೆಂಬರ್‌ನಲ್ಲಿ ಶುರುವಾದ 'ಅಗ್ನಿಸಾಕ್ಷಿ' 2020ರ ಜನವರಿಯಲ್ಲಿ ಮುಗಿಯುವ ಹೊತ್ತಿಗೆ 1,500ಕ್ಕೂ ಹೆಚ್ಚು ಕಂತು ದಾಟಿತ್ತು. ಜಾಹೀರಾತು ಬಿಟ್ಟು ಕಂತಿಗೆ 20 ನಿಮಿಷ ಎಂದುಕೊಂಡರೂ 500 ಗಂಟೆ! ಜಗತ್ತೇ ಮೆಚ್ಚಿದ ಅಮೆರಿಕದ 'ಬ್ರೇಕಿಂಗ್ ಬ್ಯಾಡ್' ಒಟ್ಟು 62 ಕಂತು. ಅದರ ಹತ್ತು ಪಟ್ಟು ಸಮಯ ಕೊಟ್ಟ ವೀಕ್ಷಕರಿಗೆ ಸರಿಯಾದ ಮುಕ್ತಾಯ ಕೇಳುವ ಹಕ್ಕು ಇದ್ದೇ ಇದೆ. ಹಾಗಾದರೆ ಕೊನೆ ಕಂತನ್ನು ಅಳೆಯುವುದು ಹೇಗೆ? 'ಸಾರ್ವಕಾಲಿಕ ಶ್ರೇಷ್ಠ' ಪಟ್ಟಿ ಮಾಡುವುದು ಹೇಗೆ? ಇಲ್ಲಿದೆ ವಿವರ.

1. ಮುಗಿಸಿದ್ದು ಯಾರು?

ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಕಥೆಗಾರ ಮುಗಿಸಿದನೇ, ಟಿಆರ್‌ಪಿ ಮುಗಿಸಿತೇ, ಅಥವಾ ಪರಿಸ್ಥಿತಿಯೇ ಮುಗಿಸಿತೇ? ದೂರದರ್ಶನದ ಕಾಲದಲ್ಲಿ ಹಲವು ಧಾರಾವಾಹಿಗಳಿಗೆ 13 ಕಂತು ಎಂದು ಮೊದಲೇ ಲೆಕ್ಕ ಇರುತ್ತಿತ್ತು. ಹಾಗಾಗಿ ಬರೆಯುವವರಿಗೆ ಕೊನೆ ಎಲ್ಲಿ ಎಂಬುದು ಗೊತ್ತಿತ್ತು. ಈಗಿನ ದಿನನಿತ್ಯದ ಧಾರಾವಾಹಿಗಳ ಆಯಸ್ಸು ವಾರವಾರದ ರೇಟಿಂಗ್ ಮೇಲೆ ನಿಂತಿದೆ. ಅಂಕ ಬಂದರೆ ಕಥೆ ಎಳೆಯುತ್ತದೆ, ಬಾರದಿದ್ದರೆ ನಾಲ್ಕೈದು ಕಂತಿನಲ್ಲಿ ಎಲ್ಲ ಗಂಟೂ ಬಿಚ್ಚಿಕೊಳ್ಳುತ್ತದೆ.

ಟಿ.ಎನ್. ಸೀತಾರಾಂ ಅವರ 'ಮಗಳು ಜಾನಕಿ'ಯದು ಮೂರನೇ ಬಗೆ. 2018ರಲ್ಲಿ ಶುರುವಾದ ಈ ಧಾರಾವಾಹಿ 2020ರ ಕೊರೊನಾ ಲಾಕ್‌ಡೌನ್ ಹೊತ್ತಿನಲ್ಲಿ ಅರ್ಧಕ್ಕೇ ನಿಂತಿತು. ಇದಕ್ಕೆ 'ಕೆಟ್ಟ ಮುಕ್ತಾಯ' ಎಂದು ಅಂಕ ಕಳೆಯುವುದು ನ್ಯಾಯವಲ್ಲ. ಮುಗಿಯದಿರುವುದು ಬೇರೆ, ಕೆಟ್ಟದಾಗಿ ಮುಗಿಯುವುದು ಬೇರೆ.

2. ಮೊದಲ ಕಂತು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತಾ?

ಮುಂಬೈ ಕನ್ನಡ ರಂಗಭೂಮಿಯಲ್ಲಿ ಹೆಸರಾದ ಸದಾನಂದ ಸುವರ್ಣ ನಿರ್ದೇಶಿಸಿದ 'ಗುಡ್ಡದ ಭೂತ' ಇಂದಿಗೂ ಹಲವರ ನೆನಪಿನಲ್ಲಿದೆ. ಪ್ರಕಾಶ್ ರೈ ಕಾಣಿಸಿಕೊಂಡಿದ್ದ ಆ ಧಾರಾವಾಹಿ ಹಿಡಿದಿದ್ದು ಒಂದೇ ಪ್ರಶ್ನೆ: ಗುಡ್ಡದ ಮೇಲಿರುವುದು ಭೂತವೇ, ಮನುಷ್ಯರ ಆಟವೇ? ಪ್ರಶ್ನೆ ಒಂದೇ ಆದರೆ ಉತ್ತರಕ್ಕೂ ಬಲ ಬರುತ್ತದೆ. ಕಂತು ಹೆಚ್ಚಾದಂತೆ ಮೂಲ ಪ್ರಶ್ನೆ ಮರೆಯಾಗಿ ಅಪಹರಣ, ನೆನಪಿನ ಶಕ್ತಿ ನಾಶ, ಅವಳಿ ಸಹೋದರಿಯ ಆಗಮನ ಶುರುವಾದರೆ ಕೊನೆಯಲ್ಲಿ ಉತ್ತರಿಸಲು ಏನೂ ಉಳಿದಿರುವುದಿಲ್ಲ.

3. ಕಥೆ ತನ್ನ ಅಳತೆಗೆ ನಿಂತಿತಾ?

ಒಂದೇ ಕಥೆ, ಎರಡು ಅಳತೆ ನೋಡಬೇಕೆಂದರೆ ಮರಾಠಿಯ 'ತುಲಾ ಪಾಹತೆ ರೇ' ಮತ್ತು ಅದರ ಕನ್ನಡ ರೂಪ 'ಜೊತೆ ಜೊತೆಯಲಿ' ನೋಡಿ. ಮರಾಠಿಯಲ್ಲಿ 2018ರ ಆಗಸ್ಟ್‌ನಲ್ಲಿ ಶುರುವಾದ ಕಥೆ 2019ರ ಜುಲೈನಲ್ಲಿ ಮುಗಿಯಿತು. ಕನ್ನಡದಲ್ಲಿ 2019ರ ಸೆಪ್ಟೆಂಬರ್‌ನಿಂದ 2023ರ ಮೇ ತಿಂಗಳವರೆಗೆ ಹರಿಯಿತು. ನಡುವೆ ನಾಯಕ ನಟನೂ ಬದಲಾದರು. ಆರಂಭದಲ್ಲಿ ಮನೆಮಾತಾಗಿದ್ದ ಧಾರಾವಾಹಿಯ ಕೊನೆಯ ಬಗ್ಗೆ ಅಷ್ಟೇ ಮಾತು ನಡೆಯಲಿಲ್ಲ.

4. ಪಾತ್ರಕ್ಕೆ ನ್ಯಾಯ ಸಿಕ್ಕಿತಾ?

ಎಲ್ಲರೂ ಸುಖವಾಗಿರಬೇಕು ಎಂದೇನಿಲ್ಲ, ಪಾತ್ರ ತನ್ನ ಗುಣಕ್ಕೆ ತಕ್ಕಂತೆ ನಡೆದರೆ ಸಾಕು. 2019ರ ಮೇ 19ರಂದು ಮುಗಿದ 'ಗೇಮ್ ಆಫ್ ಥ್ರೋನ್ಸ್' ಎಡವಿದ್ದು ಇಲ್ಲೇ. ವರ್ಷಗಳಿಂದ ಕಟ್ಟಿದ ಪಾತ್ರಗಳು ಕೊನೆಯ ಆರು ಕಂತುಗಳಲ್ಲಿ ಅವಸರವಾಗಿ ಬದಲಾದವು ಎಂಬುದು ದೂರು. ಕೊನೆಯ ಸೀಸನ್ ಮತ್ತೆ ಚಿತ್ರೀಕರಿಸಿ ಎಂಬ ಆನ್‌ಲೈನ್ ಅರ್ಜಿಗೆ 15 ಲಕ್ಷಕ್ಕೂ ಹೆಚ್ಚು ಮಂದಿ ಸಹಿ ಹಾಕಿದ್ದರು.

ನಮ್ಮಲ್ಲಿ ಖಳನಾಯಕಿಗೆ ಐದು ವರ್ಷ ವಿಷ ಕಕ್ಕಿಸಿ, ಕೊನೆ ಕಂತಿನಲ್ಲಿ ಐದು ನಿಮಿಷಕ್ಕೆ 'ನನ್ನನ್ನು ಕ್ಷಮಿಸಿ' ಎನ್ನಿಸುವುದೂ ಇದೇ ಜಾತಿಯ ತಪ್ಪು.

5. ಮುಗಿದ ಮೇಲೆ ಏನು ಉಳಿಯಿತು?

ಎಲ್ಲಕ್ಕೂ ಉತ್ತರ ಕೊಡಲೇಬೇಕೆಂದಿಲ್ಲ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್'ಗೆ ಆಧಾರವಾದ ಆರ್.ಕೆ. ನಾರಾಯಣ್ ಕಾದಂಬರಿಯಲ್ಲಿ ಸ್ವಾಮಿಯ ಕಥೆ ಮುಗಿಯುವುದು ರೈಲು ನಿಲ್ದಾಣದಲ್ಲಿ. ಊರು ಬಿಟ್ಟು ಹೋಗುತ್ತಿರುವ ಗೆಳೆಯ ರಾಜಂ ತನ್ನನ್ನು ಕ್ಷಮಿಸಿದನೋ ಇಲ್ಲವೋ ಸ್ವಾಮಿಗೆ ಖಚಿತವಿಲ್ಲ. ಉತ್ತರ ಸಿಗದ ಆ ಅನುಮಾನವೇ ಕಥೆಯ ಜೀವ.

1999ರಿಂದ 2007ರವರೆಗೆ ಬಂದ 'ದಿ ಸೊಪ್ರಾನೋಸ್' ಕೊನೆಯಲ್ಲಿ ಪರದೆ ಹಠಾತ್ತನೆ ಕಪ್ಪಾಯಿತು. ಅಂದು ಕೇಬಲ್ ಕೈಕೊಟ್ಟಿತೆಂದುಕೊಂಡವರೂ ಇದ್ದರು. ಇಂದು ಅದು ಅತಿ ಹೆಚ್ಚು ಚರ್ಚೆಯಾದ ಮುಕ್ತಾಯಗಳಲ್ಲಿ ಒಂದು.

ಮುಂಬೈನ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಕಚೇರಿ ಹೊಂದಿರುವ ನೆಟ್‌ಫ್ಲಿಕ್ಸ್‌ನ ಮೊದಲ ಭಾರತೀಯ ಸರಣಿ 'ಸೇಕ್ರೆಡ್ ಗೇಮ್ಸ್' ಕೂಡ 2019ರಲ್ಲಿ ಇದೇ ಹಾದಿ ಹಿಡಿಯಿತು. ಬಾಂಬ್ ನಿಷ್ಕ್ರಿಯವಾಯಿತೇ ಎಂಬುದನ್ನು ಹೇಳದೇ ಮುಗಿಸಿತು. ಆದರೆ ಅಲ್ಲಿ ಇಡೀ ಕಥೆ ನಿಂತಿದ್ದೇ 'ಮುಂಬೈ ಉಳಿಯುತ್ತದೆಯೇ' ಎಂಬ ಪ್ರಶ್ನೆಯ ಮೇಲೆ. ಹಾಗಾಗಿ ಹಲವರಿಗೆ ಅದು ಮೋಸ ಅನ್ನಿಸಿತು. ಮುಖ್ಯ ಪ್ರಶ್ನೆಯನ್ನೇ ತೆರೆದಿಡುವುದು ದೊಡ್ಡ ಜೂಜು.

ಕೊನೆ ಕೆಟ್ಟರೆ ಎಲ್ಲವೂ ಕೆಟ್ಟಂತೆಯೇ?

ಇಲ್ಲ. ಯಾವುದೇ ಅನುಭವದ ಉತ್ಕಟ ಕ್ಷಣ ಮತ್ತು ಕೊನೆಯ ಕ್ಷಣವೇ ನಮ್ಮ ನೆನಪನ್ನು ಹೆಚ್ಚಾಗಿ ಆಳುತ್ತವೆ ಎಂದು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಹೇಳಿದ್ದರು. ಆದ್ದರಿಂದ ಮುಗಿದ ರಾತ್ರಿಯೇ ತೀರ್ಪು ಕೊಡಬೇಡಿ. 1998ರಲ್ಲಿ ಚಂದನದಲ್ಲಿ ಶುರುವಾದ 'ಮಾಯಾಮೃಗ'ವನ್ನು ಜನ ಇಂದಿಗೂ ನೆನೆಯುವುದು ಕೊನೆ ಕಂತಿಗಾಗಿ ಅಲ್ಲ, ತಮ್ಮ ಪಕ್ಕದ ಮನೆಯವರಂತಿದ್ದ ಪಾತ್ರಗಳಿಗಾಗಿ. 'ಮುಕ್ತ' ಎಂದರೆ ಈಗಲೂ ಕಣ್ಣೆದುರು ಬರುವುದು ಕೋರ್ಟ್ ದೃಶ್ಯಗಳು.

ಪಟ್ಟಿ ಮಾಡುವ ಮುನ್ನ 3 ಸೂತ್ರ

* ಒಂದೇ ಪಟ್ಟಿಯಲ್ಲಿ ಎಲ್ಲವನ್ನೂ ಸೇರಿಸಬೇಡಿ: 13 ಕಂತಿನ ಕಥೆ, ದಿನನಿತ್ಯದ ಮೆಗಾ ಧಾರಾವಾಹಿ, ವೆಬ್ ಸರಣಿ - ಮೂರಕ್ಕೂ ಬೇರೆ ಬೇರೆ ಪಟ್ಟಿ ಇರಲಿ.

* ಜನಪ್ರಿಯತೆ ಬೇರೆ, ಶ್ರೇಷ್ಠತೆ ಬೇರೆ: 2021ರಲ್ಲಿ ಬಿಬಿಸಿ ಕಲ್ಚರ್ 43 ದೇಶಗಳ 206 ತಜ್ಞರನ್ನು ಕೇಳಿ ಈ ಶತಮಾನದ 100 ಶ್ರೇಷ್ಠ ಸರಣಿಗಳ ಪಟ್ಟಿ ಮಾಡಿತು. ಮೊದಲ ಸ್ಥಾನ ಪಡೆದ 'ದಿ ವೈರ್' ಪ್ರಸಾರದ ಕಾಲದಲ್ಲಿ ದೊಡ್ಡ ಹಿಟ್ ಆಗಿರಲಿಲ್ಲ.

* ಕೊನೆಗೆ ನೂರಕ್ಕೆ 20 ಅಂಕ ಸಾಕು: ಉಳಿದ 80 ಅಂಕ ಕಥೆ, ಪಾತ್ರ, ನಟನೆ, ಭಾಷೆಗೆ ಇರಲಿ. ಮೆಗಾ ಧಾರಾವಾಹಿಯಾದರೆ 'ಎಲ್ಲಿ ಮುಗಿಸಬೇಕಿತ್ತೋ ಅಲ್ಲೇ ಮುಗಿಸಿದರೇ' ಎಂಬುದಕ್ಕೆ ಅದರಲ್ಲೇ ಒಂದು ಪಾಲು ಕೊಡಿ.

ಇನ್ನೊಂದು ಮಾತು. ಟಿವಿಯಲ್ಲಿ ಕೊನೆ ಎಂಬುದೂ ಕೊನೆಯಲ್ಲ. 2000ದಿಂದ 2008ರವರೆಗೆ 1,800ಕ್ಕೂ ಹೆಚ್ಚು ಕಂತು ಓಡಿದ ಹಿಂದಿಯ 'ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ' 2025ರ ಜುಲೈ 29ರಂದು ಮತ್ತೆ ತೆರೆಗೆ ಬಂತು. ಹದಿನೇಳು ವರ್ಷದ ಹಿಂದೆ ತುಳಸಿಗೆ ವಿದಾಯ ಹೇಳಿದ್ದವರು ಮತ್ತೆ ರಿಮೋಟ್ ಹಿಡಿದು ಕೂತರು. ಅಂದು ಕೊನೆ ಕಂತಿಗೆ ಎಷ್ಟು ಅಂಕ ಕೊಟ್ಟಿದ್ದರೋ, ಈಗ ಅದನ್ನೂ ತಿದ್ದಬೇಕು!